ಮನೆಯ ಕಟ್ಟಳೆ ಗೋಡೆಯ ಮೇಲೆ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಂಗಳದ ಕಲ್ಲುಹಾಸಿನ ಕೆಳಗೆ ಸಂಪು; ಮಾಳಿಗೆಯ ಮೇಲೆ ಸಾವಿರ ಲೀಟರಿನ ಟ್ಯಾಂಕು; ಎರಡರ ನಡುವೆ ಒಂದು ಅಶ್ವಶಕ್ತಿಯ ಮೋಟಾರು. ಕಾವೇರಿಯ ನೀರು ದಿನ ಬಿಟ್ಟು ದಿನ, ಅದೂ ಅವೇಳೆಯಲ್ಲಿ ಬರುತ್ತದೆ. ಸಂಪಿನಲ್ಲಿ ನೀರೆಷ್ಟಿದೆ, ಮೋಟಾರನ್ನು ಎಷ್ಟು ಹೊತ್ತು ನಡೆಸಬೇಕು, ಯಾವ ದಿನ ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಬೇಕು ಎಂಬುದೆಲ್ಲ ಗೃಹಿಣಿಗೆ ಮಾತ್ರ ತಿಳಿದ ಸಂಗತಿ. ಟ್ಯಾಂಕು ತುಂಬುತ್ತ ಬಂದಂತೆ ಕೊಳವೆಯ ಸದ್ದು ಬದಲಾಗುವುದನ್ನು ಆಕೆಯ ಕಿವಿ ಅಡಿಗೆಮನೆಯಿಂದಲೇ ಗುರುತಿಸುತ್ತದೆ. ಆಕೆ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಮೈಸೂರಿಗೆ ಹೊರಟುಹೋದರೆ, ಒಂದು ದಿನ ಮಾಳಿಗೆಯಿಂದ ನೀರು ಧಾರೆಯಾಗಿ ಸುರಿಯುತ್ತದೆ. ಮತ್ತೊಂದು ದಿನ ಮೈಗೆ ಸೋಪು ಹಚ್ಚಿಕೊಂಡು ನಿಂತವರ ಎದುರಿಗೆ ನಲ್ಲಿ ನಿಂತುಹೋಗುತ್ತದೆ.

ಹಾಗೆ ಸುರಿದುಹೋಗುವ ನೀರು ಸಾಮಾನ್ಯವಾದುದಲ್ಲ. ಸುಮಾರು ೧೦೦ ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಲ್ಪಟ್ಟು, ಒಟ್ಟಿನಲ್ಲಿ ೫೦೦ ಮೀಟರಿನಷ್ಟು ಮೇಲೇರಿ ಬಂದ ನೀರು ಅದು. ೨೦೨೪ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ೫,೦೦೦ ರೂಪಾಯಿಗಳ ದಂಡ ವಿಧಿಸುವ ಆಜ್ಞೆ ಹೊರಟುದನ್ನು ನಗರವಾಸಿಗಳು ಮರೆತಿರಲಾರರು.

ಈ ಮನೆಯ ಮಗ ತಂತ್ರಾಂಶಗಳ ಅಭ್ಯಾಸವುಳ್ಳವನು. ತಾಯಿ ಊರಿನಲ್ಲಿಲ್ಲದ ದಿನಗಳಲ್ಲಿ ಪಟ್ಟ ಪಾಡನ್ನು ನೆನೆದು ಆತನು ಟ್ಯಾಂಕಿಗೊಂದು, ಸಂಪಿಗೊಂದು ಮಟ್ಟಮಾಪಕವನ್ನು ಕೂಡಿಸುತ್ತಾನೆ. ಮೋಟಾರು ತಾನಾಗಿಯೇ ಹೊರಟು ತಾನಾಗಿಯೇ ನಿಲ್ಲುವಂತೆ ನೂರು ಸಾಲಿನ ಒಂದು ಕ್ರಮವಿಧಿಯನ್ನು ಬರೆಯುತ್ತಾನೆ. ಎಲ್ಲರಿಗೂ ಸಂತೋಷ. ಆರು ತಿಂಗಳ ಬಳಿಕ ಆತನಿಗೆ ಪರದೇಶದಲ್ಲಿ ಕೆಲಸ ದೊರೆಯುತ್ತದೆ. ಅವನು ವಿಮಾನವೇರಿದ ಮರುವಾರವೇ ಮೋಟಾರು ನಡುರಾತ್ರಿಯಲ್ಲಿ ಗುಂಯ್ಗುಡತೊಡಗುತ್ತದೆ. ಅದು ಏಕೆ ಹೊರಟಿತು, ಎಂದಿಗೆ ನಿಂತೀತು ಎಂಬುದನ್ನು ಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಇಪ್ಪತ್ತೈದು ವರ್ಷ ಆ ಮೋಟಾರನ್ನು ಆಳಿದ ತಾಯಿಯೇ ಈಗ ಅದರ ಗುಂಡಿಯನ್ನು ಮುಟ್ಟಲು ಹೆದರುತ್ತಾಳೆ.

ಮೊದಲು ಮನೆಯ ಕಟ್ಟಳೆ ಒಬ್ಬರ ತಲೆಯಲ್ಲಿತ್ತು. ಅನಂತರ ಇನ್ನೊಬ್ಬರ ತಲೆಗೆ ಹೋಯಿತು. ಮನೆಗಾದ ಲಾಭ ಅಷ್ಟೆ. ಮನೆಯವರೆಲ್ಲರೂ ನೋಡಿ ಓದಬಹುದಾದ ರೀತಿಯಲ್ಲಿ ಕಟ್ಟಳೆಯನ್ನು ಇರಿಸುವುದು ಹೇಗೆಂಬುದು ಗೃಹಸ್ಥರು ಯೋಚಿಸಬೇಕಾದ ಪ್ರಶ್ನೆ. ಅದಕ್ಕೆ ದೊರೆತಿರುವ ಉತ್ತರಗಳಲ್ಲಿ ಒಂದು, ಕಟ್ಟಳೆಯನ್ನು ಬರೆಯುವುದಕ್ಕೆ ಬದಲಾಗಿ ಚಿತ್ರಿಸುವುದು.

ಚಿತ್ರದ ಹುಟ್ಟು

ಇಂತಹ ಚಿತ್ರಲೇಖನಕ್ಕೆ ಹೆಸರಾದ ಸಾಧನ ನೋಡ್-ರೆಡ್. ಐ.ಬಿ.ಎಂ. ಸಂಸ್ಥೆಯ ಇಂಗ್ಲೆಂಡಿನ ವಿಭಾಗದಲ್ಲಿ ಕೆಲಸಮಾಡುತ್ತಿದ್ದ ನಿಕ್ ಒ'ಲಿಯರಿ ಮತ್ತು ಡೇವ್ ಕಾನ್‌ವೇ-ಜೋನ್ಸ್ ಎಂಬಿಬ್ಬರು ೨೦೧೩ರ ಆರಂಭದಲ್ಲಿ ಇದನ್ನು ರೂಪಿಸತೊಡಗಿದರು. ಯಂತ್ರಗಳು ಪರಸ್ಪರ ಕಳುಹಿಸುವ ಸಂದೇಶಗಳಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆಂಬುದನ್ನು ಕಣ್ಣಿಗೆ ಕಾಣಿಸಬೇಕೆಂಬುದೇ ಅವರ ಮೊದಲ ಉದ್ದೇಶವಾಗಿತ್ತು. ಆ ಸಂದೇಶಗಳ ಭಾಷೆ ಎಂ.ಕ್ಯು.ಟಿ.ಟಿ. ಎಣ್ಣೆಯ ಕೊಳವೆಮಾರ್ಗಗಳ ಕಾವಲಿಗೆಂದು ೧೯೯೯ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬುವರು ರಚಿಸಿದ ಆ ಭಾಷೆಯನ್ನು ಇಂದು ಮನೆಯ ದೀಪಗಳೂ ಆಡುತ್ತಿವೆ. ೨೦೧೩ರ ಸೆಪ್ಟೆಂಬರಿನಲ್ಲಿ ನೋಡ್-ರೆಡ್ ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾಯಿತು. ೨೦೧೯ರಲ್ಲಿ ಸ್ಥಾಪಿತವಾದ ಓಪನ್ ಜೆ.ಎಸ್. ಪ್ರತಿಷ್ಠಾನದ ಆಶ್ರಯ ಅದಕ್ಕಿದೆ. ಕೊಳ್ಳುವುದಕ್ಕೆ ಹಣ ಬೇಕಾಗಿಲ್ಲ.

ಇದರ ಹಿಂದಿರುವ ಕಲ್ಪನೆ ಇನ್ನೂ ಹಳೆಯದು. ೧೯೭೦ರ ದಶಕದಲ್ಲಿ ಜೆ. ಪಾಲ್ ಮಾರಿಸನ್ ಎಂಬ ತಜ್ಞರು, ಗಣಕದ ಕೆಲಸವನ್ನು ಆಜ್ಞೆಗಳ ಉದ್ದನೆಯ ಪಟ್ಟಿಯಾಗಿ ಕಾಣದೆ, ಒಂದರಿಂದ ಮತ್ತೊಂದಕ್ಕೆ ಸಾಮಗ್ರಿ ಹರಿದುಹೋಗುವ ಪೆಟ್ಟಿಗೆಗಳ ಜಾಲವಾಗಿ ಕಾಣಬಹುದೆಂದು ತೋರಿಸಿದರು. ಕನ್ನಡಿಗರಿಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ. ಕೆರೆಯ ತೂಬಿನಿಂದ ಹೊರಟ ನೀರು ಕಾಲುವೆಯಲ್ಲಿ ಹರಿದು, ಕವಲಿನಲ್ಲಿ ಅಡ್ಡಗಟ್ಟಿದ ಮಣ್ಣನ್ನು ಎಲ್ಲಿ ತೆಗೆದರೆ ಅಲ್ಲಿಗೆ ತಿರುಗಿ, ಗದ್ದೆಯನ್ನು ಸೇರುತ್ತದೆ. ನೋಡ್-ರೆಡ್ಡಿನಲ್ಲಿಯೂ ಹಾಗೆಯೆ. ಹರಿಯುವುದು ನೀರಲ್ಲ, ಸುದ್ದಿ. ಪ್ರತಿಯೊಂದು ಪೆಟ್ಟಿಗೆಯೂ ಒಂದು ತೂಬು. ಎರಡು ಪೆಟ್ಟಿಗೆಗಳ ನಡುವೆ ಎಳೆದ ಗೆರೆ ಒಂದು ಕಾಲುವೆ.

ಸ್ಥಾಪನೆ

ಇದಕ್ಕೆ ಬೇಕಾಗುವುದು ಹಗಲಿರುಳೂ ಚಾಲನೆಯಲ್ಲಿರುವ ಒಂದು ಚಿಕ್ಕ ಗಣಕ. ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರದ ನಾಲ್ಕನೆಯ ಅಥವಾ ಐದನೆಯ ಮಾದರಿ ಸಾಕು. ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪು ಕೂಡ ಆಗಬಹುದು. ಅದರಲ್ಲಿ ಮೊದಲು ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ನೆಲೆಗೊಳಿಸಬೇಕು. ೨೦೧೩ರಲ್ಲಿ ಪಾಲಸ್ ಸ್ಕೌಟ್ಸೆನ್ ಎಂಬುವರು ಆರಂಭಿಸಿದ ಇದು ಬೇರೆ ಬೇರೆ ಕಂಪೆನಿಗಳ ದೀಪ, ಮಾಪಕ, ಸ್ವಿಚ್ಚುಗಳನ್ನು ಒಂದೇ ಸೂರಿನಡಿಗೆ ತರುತ್ತದೆ. "ಇದು ನಡೆದಾಗ, ಇದು ನಿಜವಾಗಿದ್ದರೆ, ಇದನ್ನು ಮಾಡು" ಎಂಬ ಮೂರು ಹೆಜ್ಜೆಯ ಕಟ್ಟಳೆಗಳನ್ನು ತುಂಬಲು ಅದರಲ್ಲಿಯೇ ಒಂದು ನಮೂನೆಯಿದೆ. ಸಂಜೆ ಮುಂಬಾಗಿಲ ದೀಪ ಹತ್ತಬೇಕೆಂಬಷ್ಟು ಸರಳವಾದ ವಿಷಯಕ್ಕೆ ಆ ನಮೂನೆಯೇ ಸಾಕು. ಕಟ್ಟಳೆಗೆ ಕವಲುಗಳು ಹೆಚ್ಚಾದಾಗ ಮಾತ್ರ ಚಿತ್ರದ ಅಗತ್ಯ ಬೀಳುತ್ತದೆ.

ನೋಡ್-ರೆಡ್ಡನ್ನು ಹೋಮ್ ಅಸಿಸ್ಟೆಂಟಿನ ಪೂರಕ ತಂತ್ರಾಂಶಗಳ ಭಂಡಾರದಿಂದ ಸೇರಿಸಿಕೊಳ್ಳಬಹುದು. ಪ್ರಾರಂಭಿಸುವ ಮುನ್ನ ಅದಕ್ಕೊಂದು ರಹಸ್ಯಪದವನ್ನು ಗೊತ್ತುಪಡಿಸಬೇಕು. ಚಿತ್ರಗಳಲ್ಲಿ ಅಡಗಿರುವ ಗುಪ್ತ ಸಂಕೇತಗಳಿಗೆಲ್ಲ ಅದೇ ಬೀಗದ ಕೈ. ಇದನ್ನು ಮನೆಯ ಕಾಗದಪತ್ರಗಳ ಜೊತೆ ಬರೆದಿಡುವುದು ಅವಶ್ಯಕ. ಯಂತ್ರ ಕೆಟ್ಟು ಹೊಸದನ್ನು ತಂದ ದಿನ ಈ ಪದ ದೊರೆಯದಿದ್ದರೆ ಆ ಸಂಕೇತಗಳನ್ನೆಲ್ಲ ಮೊದಲಿನಿಂದ ತುಂಬಬೇಕಾಗುತ್ತದೆ. ನೋಡ್-ರೆಡ್ಡನ್ನು ಸ್ವತಂತ್ರವಾಗಿಯೂ ನಡೆಸಬಹುದು. ಆಗ ಅದು ೧೮೮೦ ಎಂಬ ಸಂಖ್ಯೆಯ ದ್ವಾರದಲ್ಲಿ ತೆರೆದುಕೊಳ್ಳುತ್ತದೆ. ಆದರೆ ಹಾಗೆ ನಡೆಸುವವರು ಒಂದು ಸಂಗತಿಯನ್ನು ಮರೆಯಕೂಡದು: ತಾವಾಗಿ ಪ್ರವೇಶಪದವನ್ನು ಹಾಕದಿದ್ದರೆ ಆ ದ್ವಾರಕ್ಕೆ ಬೀಗವಿರುವುದಿಲ್ಲ. ಮನೆಯ ಜಾಲವನ್ನು ಸೇರಿದ ಯಾರೇ ಆಗಲಿ ಕಟ್ಟಳೆಗಳನ್ನು ತಿದ್ದಬಹುದು. ಹೊರಗಿನ ಅಂತರಜಾಲಕ್ಕೆ ಅದನ್ನು ತೆರೆದಿಡುವುದಂತೂ ಬೀದಿಬಾಗಿಲನ್ನು ತೆರೆದಿಟ್ಟು ಜಾತ್ರೆಗೆ ಹೋದಂತೆ.

ತೆರೆದೊಡನೆ ಕಾಣುವುದು ಮೂರು ಅಂಕಣಗಳ ಪರದೆ. ಎಡಗಡೆ ಪೆಟ್ಟಿಗೆಗಳ ಸಂಗ್ರಹ. ನಡುವೆ ಬಿಳಿಯ ಬಯಲು. ಬಲಗಡೆ ವಿವರಣೆ ಮತ್ತು ಪರೀಕ್ಷೆಯ ವರದಿಗಳು. ಬೇಕಾದ ಪೆಟ್ಟಿಗೆಯನ್ನು ಎಡದಿಂದ ಎಳೆದು ಬಯಲಿನಲ್ಲಿರಿಸಿ, ಒಂದರ ಬಲ ಅಂಚಿನಿಂದ ಮತ್ತೊಂದರ ಎಡ ಅಂಚಿಗೆ ಗೆರೆಯೆಳೆಯಬೇಕು. ಚಿತ್ರ ಮುಗಿದ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ. ಮೇಲ್ಗಡೆ ಬಲತುದಿಯಲ್ಲಿ 'ಡಿಪ್ಲಾಯ್' ಎಂಬ ಕೆಂಪು ಗುಂಡಿಯಿದೆ. ಅದನ್ನು ಒತ್ತಿದ ಮೇಲೆಯೇ ಕಟ್ಟಳೆಗೆ ಜೀವ. ತಿದ್ದಿಯೂ ಜಾರಿಮಾಡದ ಪೆಟ್ಟಿಗೆಯ ನೆತ್ತಿಯ ಮೇಲೆ ನೀಲಿ ಚುಕ್ಕೆಯೊಂದು, ವಿವರ ತುಂಬದ ಪೆಟ್ಟಿಗೆಯ ಮೇಲೆ ಕೆಂಪು ತ್ರಿಕೋನವೊಂದು ಕಾಣಿಸಿ ಎಚ್ಚರಿಸುತ್ತವೆ.

ತಾಯಿ ಹೇಳಿದುದು, ಮಗ ಬರೆದುದು

ಮೊದಲು ಕಲ್ಪಿಸಿದ ಮನೆಯಲ್ಲಿ ಮಗನು ಹೊರಡುವುದಕ್ಕೆ ಮುನ್ನ ಒಂದು ಭಾನುವಾರ ತಾಯಿಯ ಜೊತೆ ಕುಳಿತು ಈ ಚಿತ್ರವನ್ನು ರಚಿಸಿದ್ದರೆ ಹೇಗಾಗುತ್ತಿತ್ತು?

ಆತನು ಮೊದಲು ಇಡುವ ಪೆಟ್ಟಿಗೆ ಟ್ಯಾಂಕಿನ ಮಟ್ಟವನ್ನು ತಿಳಿಸುತ್ತದೆ. ಎರಡನೆಯದು ಕವಲು: ಮಟ್ಟ ೨೫ಕ್ಕಿಂತ ಕೆಳಗಿದ್ದರೆ ಒಂದು ದಾರಿ, ೯೫ಕ್ಕೆ ಮೇಲೇರಿದ್ದರೆ ಇನ್ನೊಂದು ದಾರಿ. ನಡುವಣ ಮಟ್ಟದಲ್ಲಿ ಮೋಟಾರಿಗೆ ಯಾವ ಆಜ್ಞೆಯೂ ಇಲ್ಲ. ನಡೆಯುತ್ತಿದ್ದರೆ ನಡೆಯುತ್ತಿರಲಿ, ನಿಂತಿದ್ದರೆ ನಿಂತಿರಲಿ. ಎರಡು ಗಡಿಗಳೇಕೆ, ಒಂದೇ ಸಾಲದೆ ಎಂದು ಕೇಳಬಹುದು. ಒಂದೇ ಗಡಿಯಾದರೆ, ನೀರು ಅಲ್ಲಿ ಒಂದಂಗುಲ ತುಳುಕಿದಾಗಲೆಲ್ಲ ಮೋಟಾರು ಹೊರಡುತ್ತ ನಿಲ್ಲುತ್ತ ಬೇಗನೆ ಹಾಳಾಗುತ್ತದೆ. ಈ ಕವಲಿನಲ್ಲಿ ಹೊಸಬರು ಎಡವುವ ಒಂದು ಸ್ಥಳವೂ ಉಂಟು. ಹೋಮ್ ಅಸಿಸ್ಟೆಂಟ್ ಮಟ್ಟವನ್ನು ಅಕ್ಷರರೂಪದಲ್ಲಿ ಕಳುಹಿಸುತ್ತದೆ. ಅಕ್ಷರಗಳೆಂದೇ ತೂಗಿದರೆ, ಮೊದಲ ಅಂಕಿಯನ್ನು ಮಾತ್ರ ನೋಡಿ, ೯ ಎಂಬುದು ೨೫ಕ್ಕಿಂತ ದೊಡ್ಡದೆಂದು ಯಂತ್ರವು ತೀರ್ಮಾನಿಸುತ್ತದೆ. ಟ್ಯಾಂಕು ಬರಿದಾಗುತ್ತಿದ್ದರೂ ಮೋಟಾರು ಹೊರಡುವುದಿಲ್ಲ. ಅದನ್ನು ಸಂಖ್ಯೆಯೆಂದು ತಿಳಿಯುವಂತೆ ಪೆಟ್ಟಿಗೆಯಲ್ಲಿ ಸೂಚಿಸಬೇಕು.

ಮೂರನೆಯ ಪೆಟ್ಟಿಗೆ ಸಂಪಿನಲ್ಲಿ ನೀರಿದೆಯೇ ಎಂದು ಕೇಳುತ್ತದೆ. ನೀರಿಲ್ಲದ ಸಂಪಿನಲ್ಲಿ ಮೋಟಾರು ಒಣಗಿ ತಿರುಗಿದರೆ ಸುಟ್ಟುಹೋಗುವ ಸಂಭವವಿದೆ. ಆದರೆ ಪ್ರಶ್ನೆಯನ್ನು ಒಮ್ಮೆ ಕೇಳಿ ಸುಮ್ಮನಾದರೆ ಸಾಲದು. ಟ್ಯಾಂಕು ತಗ್ಗಿದ ಗಳಿಗೆಯಲ್ಲಿ ಸಂಪು ಬರಿದಾಗಿದ್ದು, ನೀರು ಎರಡು ಗಂಟೆಯ ಬಳಿಕ ಬಂದರೆ, ಮತ್ತೆ ಕೇಳುವವರು ಯಾರು? ಆದುದರಿಂದ ಐದು ನಿಮಿಷಕ್ಕೊಮ್ಮೆ ಸರಪಳಿಯನ್ನು ಎಚ್ಚರಗೊಳಿಸುವ 'ಇಂಜೆಕ್ಟ್' ಎಂಬ ಪೆಟ್ಟಿಗೆಯೊಂದನ್ನು ಮೊದಲಿಗೆ ಸೇರಿಸಬೇಕು. ಮಾಪಕದ ಬ್ಯಾಟರಿ ಮುಗಿದು ಉತ್ತರವೇ ಬಾರದಿದ್ದರೆ, ಆ ಮೌನವನ್ನು "ನೀರಿಲ್ಲ" ಎಂದೇ ತಿಳಿದು ಮೋಟಾರನ್ನು ನಿಲ್ಲಿಸುವುದು ಕ್ಷೇಮಕರ.

ಇಷ್ಟನ್ನು ಮಗನು ತೋರಿಸಿದಾಗ ತಾಯಿ ಪರದೆಯ ಮೇಲೆ ಬೆರಳಿಟ್ಟು ಕೇಳಬಹುದು: "ನೀರು ಬಂದೊಡನೆ ಮೇಲಕ್ಕೆ ಎತ್ತಿಬಿಡುತ್ತದೆಯೆ? ಎರಡು ದಿನ ಒಣಗಿದ ಕೊಳಾಯಿಯಲ್ಲಿ ಮೊದಲು ಬರುವುದು ಕೆಸರು. ಒಂದು ಗಂಟೆ ತಿಳಿಯಾಗಲು ಬಿಡಬೇಡವೆ?"

ಇಪ್ಪತ್ತೈದು ವರ್ಷ ಆಕೆ ಹಾಗೆಯೇ ಮಾಡುತ್ತಿದ್ದಳು, ಮಗನಿಗೆ ತಿಳಿದಿರಲಿಲ್ಲ. ಆತನ ನೂರು ಸಾಲುಗಳನ್ನು ಆಕೆ ಓದಲಾರಳು. ಆದ್ದರಿಂದ ಅದರಲ್ಲಿದ್ದ ಕೊರತೆಯನ್ನು ಹೇಳುವ ಅವಕಾಶ ಆಕೆಗೆ ಬರಲೇ ಇಲ್ಲ. ಚಿತ್ರದಲ್ಲಿ ಅದು ಕಣ್ಣಿಗೆ ಬಿತ್ತು. ಸಂಪಿನ ಮಟ್ಟವು ೬೦ ನಿಮಿಷ ಏರದೆ ನಿಂತಿದ್ದರೆ ಮಾತ್ರ ಮುಂದೆ ಹೋಗೆಂಬ ಪೆಟ್ಟಿಗೆಯೊಂದು ನಡುವೆ ಸೇರುತ್ತದೆ. "ಟ್ಯಾಂಕು ತೀರ ಬರಿದಾಗಿದ್ದರೆ ಕಾಯುತ್ತ ಕೂಡುವುದು ಹೇಗೆ?" ಎಂದು ಆಕೆಯೇ ಮತ್ತೆ ಕೇಳಿದಾಗ, ೧೦ಕ್ಕಿಂತ ಕೆಳಗಿನ ಮಟ್ಟಕ್ಕೆಂದು ಬಳಸುದಾರಿಯೊಂದು ಹುಟ್ಟುತ್ತದೆ. ಗಣಕವಿದ್ಯೆಯ ಒಂದು ಪದವೂ ತಿಳಿಯದ ತಾಯಿ ಹೀಗೆ ಮಗನ ಕಟ್ಟಳೆಯನ್ನು ಎರಡು ಸಲ ತಿದ್ದುತ್ತಾಳೆ.

ಪೆಟ್ಟಿಗೆಗಳಿಗೆ ಹೆಸರಿಡುವಾಗ ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳನ್ನು ಬಳಸಬೇಕೆಂಬ ನಿಯಮವೇನೂ ಇಲ್ಲ. "ಸಂಪಿನಲ್ಲಿ ನೀರಿದೆಯೆ?", "ತಿಳಿಯಾಗಲಿ", "ಮೋಟಾರು ನಿಲ್ಲಲಿ" ಎಂದು ಕನ್ನಡದಲ್ಲಿಯೇ ಬರೆಯಬಹುದು. ಸಂಬಂಧಪಟ್ಟ ಪೆಟ್ಟಿಗೆಗಳ ಸುತ್ತ ಚೌಕವೆಳೆದು ತಲೆಬರಹವನ್ನು ಕೊಡಬಹುದು. ಏಕೆ ಹೀಗೆ ಮಾಡಿದೆ ಎಂಬ ಟಿಪ್ಪಣಿಯನ್ನೂ ಪಕ್ಕದಲ್ಲಿ ಇರಿಸಬಹುದು. ಹೆಸರಿಲ್ಲದ ಪೆಟ್ಟಿಗೆಗಳ ಚಿತ್ರವು ಬರೆದವನಿಗೇ ಆರು ತಿಂಗಳಲ್ಲಿ ಒಗಟಾಗುತ್ತದೆ.

ಕರೆಂಟು ಹೋಗಿ ಬಂದಾಗ

ಇನ್ನು ಜಾಗರೂಕತೆಯ ಮಾತುಗಳು. ಟ್ಯಾಂಕು ೨೦ ನಿಮಿಷಗಳಲ್ಲಿ ತುಂಬುವುದಾದರೆ, ೩೦ ನಿಮಿಷಗಳ ಗಡುವನ್ನು ಚಿತ್ರದಲ್ಲಿ ಇಡುವುದು ಒಳ್ಳೆಯದು. ಮೋಟಾರನ್ನು ಹೊರಡಿಸಿ, ಗಡುವು ಮುಗಿದೊಡನೆ ನಿಲ್ಲಿಸುವುದಕ್ಕೆಂದೇ 'ಟ್ರಿಗರ್' ಎಂಬ ಪೆಟ್ಟಿಗೆಯಿದೆ. ಗಡುವಿನೊಳಗೆ ಟ್ಯಾಂಕು ತುಂಬದಿದ್ದರೆ ಎಲ್ಲಿಯೋ ದೋಷವಿದೆಯೆಂದು ಅರ್ಥ. ಆಗ ಮನೆಯವರ ಫೋನಿಗೆ ಸುದ್ದಿ ಹೋಗಬೇಕು. ಅವರು ಬಂದು ನೋಡುವವರೆಗೆ ಮೋಟಾರು ಮತ್ತೆ ಹೊರಡದಂತೆ ತಡೆಯೊಂದಿರಬೇಕು.

ಆದರೆ ಈ ಗಡುವಿನ ಲೆಕ್ಕ ಇರುವುದು ಯಂತ್ರದ ಕ್ಷಣಿಕ ಸ್ಮರಣೆಯಲ್ಲಿ. ಮೋಟಾರು ಹೊರಟು ಹತ್ತು ನಿಮಿಷಕ್ಕೆ ಕರೆಂಟು ಹೋಗಿ, ಮತ್ತೆ ಬಂದಾಗ, ಗಣಕಕ್ಕೆ ತಾನು ಎಣಿಸುತ್ತಿದ್ದುದು ನೆನಪಿರುವುದಿಲ್ಲ. ಸ್ವಿಚ್ಚು ಮಾತ್ರ ಹಿಂದಿನಂತೆಯೇ ಮೋಟಾರನ್ನು ಹೊರಡಿಸಿರಬಹುದು. ಚಿತ್ರವನ್ನು ತಿದ್ದಿ ಪೂರ್ತಿಯಾಗಿ ಮರುಜಾರಿ ಮಾಡಿದಾಗಲೂ ಇದೇ ವಿಪತ್ತು. ಬದಲಾದ ಪೆಟ್ಟಿಗೆಗಳನ್ನು ಮಾತ್ರ ಜಾರಿಮಾಡುವ ಆಯ್ಕೆಯನ್ನು ಆ ಕೆಂಪು ಗುಂಡಿಯ ಪಕ್ಕದಲ್ಲಿಯೇ ಒದಗಿಸಿದ್ದಾರೆ. ಕರೆಂಟಿನ ವಿಷಯದಲ್ಲಿ ಪರಿಹಾರ ಎರಡು. ಗಣಕವು ಎಚ್ಚೆತ್ತ ಕೂಡಲೆ "ಮೋಟಾರು ನಿಲ್ಲಲಿ" ಎಂಬ ಆಜ್ಞೆಯನ್ನು ಒಮ್ಮೆ ಕಳುಹಿಸುವಂತೆ ಚಿತ್ರದಲ್ಲಿ ಏರ್ಪಡಿಸಬೇಕು. ಕರೆಂಟು ಬಂದಾಗ ಆರಿದ ಸ್ಥಿತಿಯಲ್ಲಿಯೇ ಇರುವ, ಇಂತಿಷ್ಟು ಹೊತ್ತಿಗೆ ತಾನಾಗಿ ಆರುವ ಗುಣ ಸ್ವಿಚ್ಚಿನೊಳಗೆಯೇ ಇರುವಂತೆ ನೋಡಿಕೊಳ್ಳಬೇಕು.

ಒಂದು ಅಶ್ವಶಕ್ತಿಯೆಂದರೆ ೭೪೬ ವ್ಯಾಟು. ಹೊರಡುವ ಕ್ಷಣದಲ್ಲಿ ಮೋಟಾರು ಅದರ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ದೀಪಕ್ಕೆಂದು ಮಾಡಿದ ಪುಟ್ಟ ಪ್ಲಗ್ಗಿಗೆ ಇದನ್ನು ಸಿಕ್ಕಿಸುವುದು ಅಪಾಯ. ಅನುಭವಸ್ಥನಾದ ಎಲೆಕ್ಟ್ರಿಷಿಯನ್ನಿನಿಂದ ಸರಿಯಾದ ಕಂಟ್ಯಾಕ್ಟರನ್ನೂ, ಸಂಪು ಒಣಗಿದರೆ ಮೋಟಾರನ್ನು ತಡೆಯುವ ರಕ್ಷಣೆಯನ್ನೂ ಹಾಕಿಸಬೇಕು. ಗೋಡೆಯ ಮೇಲಿನ ಹಳೆಯ ಸ್ವಿಚ್ಚನ್ನು ಕಿತ್ತುಹಾಕಕೂಡದು. ಗಣಕವು ಮಲಗಿದ ದಿನವೂ ಮನೆಯವರಿಗೆ ನೀರು ಬೇಕು.

ಚಿತ್ರವೆಂದ ಮಾತ್ರಕ್ಕೆ ಎಲ್ಲವೂ ತಿಳಿಯಾಗುತ್ತದೆಂದು ಭಾವಿಸುವುದೂ ಸರಿಯಲ್ಲ. ಒಂದೇ ಹಾಳೆಯಲ್ಲಿ ನೀರು, ದೀಪ, ಬಾಗಿಲು, ಗೀಜರುಗಳನ್ನೆಲ್ಲ ತುರುಕಿದರೆ ಗೆರೆಗಳು ಹುರಿಬಿಚ್ಚಿದ ನೂಲಿನಂತೆ ಸಿಕ್ಕಾಗುತ್ತವೆ. ಒಂದು ವಿಷಯಕ್ಕೆ ಒಂದು ಹಾಳೆ ಎಂಬುದು ಉತ್ತಮ ಪದ್ಧತಿ. 'ಫಂಕ್ಷನ್' ಎಂಬ ಪೆಟ್ಟಿಗೆಯೊಳಗೆ ಜಾವಾಸ್ಕ್ರಿಪ್ಟಿನ ಸಾಲುಗಳನ್ನು ಎಷ್ಟು ಬೇಕಾದರೂ ಬರೆದು ಮುಚ್ಚಿಡಲು ಅವಕಾಶವಿದೆ. ಅದನ್ನು ಮಿತವಾಗಿ ಬಳಸಬೇಕು. ಇಲ್ಲವಾದರೆ ಹೊರಗೆ ಚಿತ್ರ, ಒಳಗೆ ಅದೇ ಹಳೆಯ ಒಗಟು.

ಎಲ್ಲ ಮುಗಿದ ಮೇಲೆ ಚಿತ್ರದ ಒಂದು ಪ್ರತಿಯನ್ನು ಬೇರೊಂದು ಸಾಧನದಲ್ಲಿ ಕಾದಿರಿಸುವುದು ಸರಿಯೆ. ಅದರೊಡನೆ ಪರದೆಯ ಬಿಂಬವನ್ನು ಕಾಗದದ ಮೇಲೆ ಅಚ್ಚುಮಾಡಿ, ಅಡಿಗೆಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಮಗನು ಪರದೇಶಕ್ಕೆ ಹೋದ ಬಳಿಕ ಒಂದು ರಾತ್ರಿ ಮೋಟಾರು ಗುಂಯ್ಗುಟ್ಟಿತೆನ್ನಿ. ತಾಯಿ ಎದ್ದು ಬಂದು, ಕನ್ನಡಕವನ್ನೇರಿಸಿಕೊಂಡು, ಗೋಡೆಯ ಮೇಲಿನ ಗೆರೆಗಳಲ್ಲಿ ಬೆರಳಾಡಿಸುತ್ತಾಳೆ. ಸಂಜೆ ನೆಂಟರು ಬಂದಿದ್ದರು. ಟ್ಯಾಂಕು ತೀರ ತಗ್ಗಿದೆ. ಆದ್ದರಿಂದ ಬಳಸುದಾರಿ ಹಿಡಿದು ಹೊರಟಿದೆ. ತಾನೇ ಹೇಳಿ ಬರೆಸಿದ ಪೆಟ್ಟಿಗೆ ಅದು. ಆಕೆ ದೀಪವಾರಿಸಿ ಹೋಗಿ ನೆಮ್ಮದಿಯಿಂದ ಮಲಗುತ್ತಾಳೆ.